ಗುಬ್ಬಿ ಸಾಕಿದ ಪದ

ಒದ್ದೆ ಬೆಡ್‌ಶೀಟಿನ ಒಂದು ತುದಿ ತಾಯಿಯ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳ ಕೈಯಲ್ಲಿ. ಬಟ್ಟೆ ಹಿಂಡುವುದಕ್ಕೂ ಒಂದು ರೀತಿ ಇದೆ. ಎದುರುಬದುರು ನಿಂತು ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಚಬೇಕು. ಒಬ್ಬರು ಮೈಮರೆತು ಎಡಕ್ಕೆ ತಿರುಗಿಸಿದರೋ, ಅಷ್ಟು ಹೊತ್ತು ಹಿಂಡಿದ್ದೆಲ್ಲ ಬಿಚ್ಚಿಕೊಂಡು ನೀರು ಬಟ್ಟೆಯಲ್ಲೇ ಕೂರುತ್ತದೆ. ಮೈಮರೆಯುವುದರಲ್ಲಿ ಮಗಳದು ಎತ್ತಿದ ಕೈ.

"ಗುಬ್ಬಿ, ಬಲಕ್ಕೆ ತಿರುಗ್ಸು."

"ಬಲಕ್ಕೇ ತಿರುಗಿಸ್ತಿದೀನಿ ಅಮ್ಮ. ಅಲ್ಲಿ ನಿಂತ್ರೆ ನಿಂಗೆ ಅದು ಎಡ ಕಾಣತ್ತೆ ಅಷ್ಟೇ."

ಒಂಬತ್ತು ವರ್ಷದ ಈ ಹುಡುಗಿಗೆ ಮನೆಯೊಳಗೆ ಬಾಯಿ ಮುಚ್ಚಲು ಪುರುಸೊತ್ತಿರಲಿಲ್ಲ. ಹೊಸ್ತಿಲು ದಾಟಿದಳೋ, ಅದೇ ಬಾಯಿಗೆ ಬೀಗ. ಅಂಗಡಿಗೆ ಹೋಗಲಿ, ಬಸ್ಸು ಹತ್ತಲಿ, ನೆಂಟರ ಮನೆಯಲ್ಲಿ ಕೂರಲಿ, ಹೇಳಬೇಕಾದ್ದನ್ನೆಲ್ಲ ತಾಯಿಯ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತಾಳೆ. ತಾಯಿ ಅದನ್ನು ಗಟ್ಟಿಯಾಗಿ ಹೇಳಿ ಲೋಕಕ್ಕೆ ದಾಟಿಸುತ್ತಾಳೆ. ಬಸ್ಸು ಓಡಿಸುವ ಅಪ್ಪ ಇದಕ್ಕೆ ಗುಬ್ಬಿ ರೇಡಿಯೊ ಎಂದು ಹೆಸರಿಟ್ಟಿದ್ದ. ಅದಕ್ಕಿರುವುದು ಒಂದೇ ಸ್ಟೇಷನ್, ಅಮ್ಮನ ಬಾಯಿ.

ಈ ವಾರ ಆ ರೇಡಿಯೊಗೆ ಎಡೆಬಿಡದ ಕೆಲಸ. ಶಾಲೆಯ ಮೇಡಂ ಒಂದು ಡಬ್ಬದಲ್ಲಿ ಚೀಟಿಗಳನ್ನು ತುಂಬಿ ಮಕ್ಕಳಿಂದ ಒಂದೊಂದು ಎತ್ತಿಸಿದ್ದರು. ಚೀಟಿಯಲ್ಲಿ ಒಂದು ಪದ. ಆ ಪದವನ್ನು ಮನೆಗೆ ಕರೆದೊಯ್ದು ಒಂದು ವಾರ ಸಾಕಬೇಕು. ನಿಘಂಟು ಮುಟ್ಟುವಂತಿಲ್ಲ. ದೊಡ್ಡವರನ್ನು ಕೇಳಬೇಕು, ಅವರವರ ಬದುಕಿನಲ್ಲಿ ಆ ಪದ ಎಲ್ಲಿ ಎದುರಾಯಿತೋ ಅದನ್ನು ಬರೆದುಕೊಳ್ಳಬೇಕು, ಸೋಮವಾರ ತರಗತಿಯ ಮುಂದೆ ನಿಂತು ಅರ್ಥವನ್ನೂ ಬಳಕೆಯನ್ನೂ ಹೇಳಬೇಕು. ಪಕ್ಕದ ಮನೆಯ ಹುಡುಗನಿಗೆ 'ಗಡಿಬಿಡಿ' ಸಿಕ್ಕಿತ್ತು. ಅದನ್ನು ಅವನು ಬೇರೆಯಾಗಿ ಸಾಕುವ ಅಗತ್ಯವೇ ಇರಲಿಲ್ಲ, ಅವರ ಮನೆಯಲ್ಲಿ ಅದು ಮೊದಲಿನಿಂದಲೂ ಇತ್ತು. ಗುಬ್ಬಿಗೆ ಸಿಕ್ಕಿದ್ದು 'ತಾರತಮ್ಯ'.

ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ ಮಾಡುವುದು ಎಂದು ತಾಯಿ ಮೊದಲ ದಿನವೇ ಅರ್ಥ ಹೇಳಿಕೊಟ್ಟಿದ್ದಳು. ಅರ್ಥ ಒಂದೇ ಸಾಲಿಗೆ ಮುಗಿಯಿತು. ಬಳಕೆ ಮಾತ್ರ ಕಟ್ಟೆ ಒಡೆದ ಹಾಗೆ ಹರಿದುಬಂತು. ಹೊಸ ಬಸ್ಸುಗಳೆಲ್ಲ ಡಿಪೋದವರಿಗೆ ಬೇಕಾದವರಿಗೆ, ಬ್ರೇಕ್ ಒತ್ತಿದರೆ ಅಳುವ ಬಸ್ಸು ಮಾತ್ರ ತನಗೆ ಎಂದು ಅಪ್ಪ ಊಟ ತಣ್ಣಗಾಗುವವರೆಗೆ ಹೇಳಿದ. ಚಿಕ್ಕಂದಿನಲ್ಲಿ ಅಣ್ಣನಿಗೆ ಕುರ್ಚಿ, ತನಗೆ ನೆಲ ಎಂದು ಮೇಲಿನ ಮನೆಯ ಅಜ್ಜಿ ನಿನ್ನೆ ಮೊನ್ನೆಯದೆಂಬಂತೆ ಕಣ್ಣು ಒರೆಸಿಕೊಂಡರು. ಬಟ್ಟೆ ಸಗಟು ವ್ಯಾಪಾರಿ ಒಳ್ಳೆಯ ಥಾನುಗಳನ್ನೆಲ್ಲ ದೊಡ್ಡ ಅಂಗಡಿಗಳಿಗೆ ಕೊಟ್ಟು ಮಿಕ್ಕಿದ್ದನ್ನು ತನ್ನ ಮುಂದೆ ಒಗೆಯುತ್ತಾನೆ ಎಂದು ದೊಡ್ಡಮ್ಮ, ಅಂದರೆ ತಾಯಿಯ ಅಕ್ಕ, ಮೇಜು ಗುದ್ದಿ ಹೇಳಿದಳು. ತಾಯಿಯೂ ದುಡಿಯುವ ಅವಳ ಹೊಲಿಗೆ ಅಂಗಡಿಯಲ್ಲಿ ಕಾಜ ಕಟ್ಟಿ ಗುಂಡಿ ಹಚ್ಚುವ ಗುಂಡಿ ತಾತನ ದೂರಂತೂ ಬೇರೆಯೇ. ಮಂಡಿ ನೋಯುವುದು ತನಗೆ, ಡಾಕ್ಟರು ಎಲ್ಲಿ ನೋಯುತ್ತದೆ ಎಂದು ಕೇಳುವುದು ಪಕ್ಕದಲ್ಲಿ ನಿಂತ ಮಗನನ್ನು.

ಗುಬ್ಬಿಯ ನೋಟುಪುಸ್ತಕದಲ್ಲಿ ಈಗ ಹನ್ನೊಂದು ಜನರಿದ್ದರು.

"ಅಮ್ಮ, ಹನ್ನೊಂದು ಜನಾನೂ ತಮಗೆ ತಾರತಮ್ಯ ಆಯ್ತು ಅಂದ್ರು. ಮಾಡಿದೋರು ಒಬ್ಬರೂ ಸಿಕ್ಕಿಲ್ಲ. ಅವರೆಲ್ಲಿರ್ತಾರೆ?"

ತಾಯಿಗೆ ನಗು ತಡೆಯಲಿಲ್ಲ. ಅವರೆಲ್ಲ ಕೇಳುವ ಹೊತ್ತಿಗೆ ಸರಿಯಾಗಿ ಮನೆಯಲ್ಲಿರುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕಿಟಕಿಯ ಮೇಲಿದ್ದ ಫೋನು ಹೊಡೆದುಕೊಂಡಿತು. ಅವಳು ತುದಿ ಬಿಟ್ಟಳು, ಮಗಳು ಬಿಡಲಿಲ್ಲ. ತಿರುಚಿದ ಬೆಡ್‌ಶೀಟು ಹಾವಿನಂತೆ ಸುತ್ತಿ ನೆಲಕ್ಕೆ ಬಿತ್ತು.

ಫೋನಿನಲ್ಲಿ ಅಕ್ಕ. ನಮಸ್ಕಾರವಿಲ್ಲ, ಎದ್ದಿದ್ದೀಯಾ ಎನ್ನುವುದಿಲ್ಲ. "ಎಲ್ಲಾ ಬಿಟ್ಟು ಓಡಿ ಬಾ. ಬ್ಯಾಂಡಿನ ಕೋಟು ತೋಳು ಕಿತ್ಕೊಂಡು ಬಂದಿದೆ."

ನಲವತ್ತು ಕೋಟುಗಳು. ಚಿಕ್ಕ ಅಂಗಡಿಗೆ ಇಷ್ಟು ದೊಡ್ಡ ಕೆಲಸ ಬಂದದ್ದು ಇದೇ ಮೊದಲು. ಈ ಮಧ್ಯಾಹ್ನ ಮೂರಕ್ಕೆ ಹೊಸ ಆಟದ ಮೈದಾನ ತೆರೆಯುತ್ತದೆ, ಊರಿಗೆ ಊರೇ ಅಲ್ಲಿರುತ್ತದೆ, ಬ್ಯಾಂಡಿನವರು ಅಕ್ಕನ ಅಂಗಡಿಯ ಕೋಟು ತೊಟ್ಟು ಮುಂದೆ ನಡೆಯಬೇಕು. ಮೂರು ವಾರದಿಂದ ಅಂಗಡಿಯವರು ಕೂತಲ್ಲೇ ಉಂಡು, ಹೊಲಿದಲ್ಲೇ ತೂಕಡಿಸಿದ್ದರು.

ಬೆಡ್‌ಶೀಟು ಬಿದ್ದಲ್ಲೇ ಉಳಿಯಿತು. ಅಪ್ಪ ಡ್ಯೂಟಿಗೆ ಹೋಗಿಯಾಗಿತ್ತು, ಶಾಲೆಗೆ ರಜೆ. ಗುಬ್ಬಿ ನೋಟುಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ತಾಯಿಯ ಹಿಂದೆ ಓಡಿದಳು. ಗಲ್ಲಿ ದಾಟಿ, ಗಡಿಯಾರ ರಿಪೇರಿಯವನ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತುವಾಗ ಇಬ್ಬರ ಉಸಿರೂ ಗಂಟಲಿಗೆ ಬಂದಿತ್ತು. ಮಗಳ ಕಣ್ಣು ಮಾತ್ರ ಹೊಳೆಯುತ್ತಿತ್ತು. ಅವಳಿಗೆ ಇದೆಲ್ಲ ಜಾತ್ರೆಗಿಂತ ಹೆಚ್ಚು.

ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ. ನಡುವೆ ಕತ್ತರಿಸುವ ಮೇಜು, ಅದು ತಾಯಿಯ ಜಾಗ. ಕಿಟಕಿಯ ಬಳಿ ಎರಡು ಮೆಷಿನ್, ಬಾಗಿಲ ಬಳಿ ಒಂದು. ಮೂಲೆಯಲ್ಲಿ ಇಸ್ತ್ರಿ ಹಲಗೆ. ನೇತುಹಾಕಿದ ಕೆಂಪು ಕೋಟುಗಳ ಮಧ್ಯೆ ಬ್ಯಾಂಡ್ ಮಾಸ್ತರು ನಿಂತಿದ್ದರು. ಮೈಮೇಲೊಂದು ಕೋಟು. ಅವರು ತಾಳ ಹಾಕುವವರಂತೆ ಬಲಗೈ ಎತ್ತಿದರು. ಕಂಕುಳ ಹತ್ತಿರ ಪರ್‍ರೆಂದು ಸದ್ದಾಗಿ ತೋಳು ಅರ್ಧ ಬಿಚ್ಚಿಕೊಂಡು ಜೋತುಬಿತ್ತು.

"ಇಂಥವು ಆರಿವೆ," ಎಂದರು ಮಾಸ್ತರು. ಅವರು ಸಿಟ್ಟಿನವರಲ್ಲ; ಆದರೆ ಮೀಸೆ ನಡುಗುತ್ತಿತ್ತು. "ಬೆಳಗ್ಗೆ ಅಭ್ಯಾಸಕ್ಕೆ ಹಾಕ್ಕೊಂಡ್ವಿ. ಮೊದಲನೇ ಕಹಳೆ ಊದ್ತಿದ್ದ ಹಾಗೇ ತೋಳು ಹೋಯ್ತು. ಹುಡುಗ ನಗ್ತಾನೋ ಊದ್ತಾನೋ ಗೊತ್ತಾಗ್ಲಿಲ್ಲ."

ಯಾರೂ ನಗಲಿಲ್ಲ. ಅಕ್ಕನ ಕಣ್ಣು ಬಾಗಿಲ ಬಳಿಯ ಮೆಷಿನ್ನಿನ ಕಡೆಗೆ ಹೋಯಿತು. ಗುಂಡಿ ತಾತನ ಕಣ್ಣೂ ಹೋಯಿತು. ತಾಯಿಯ ಕಣ್ಣೂ.

ಆ ಮೆಷಿನ್ನಿನ ಹಿಂದೆ ಕೂತಿದ್ದವಳು ನಾಲ್ಕು ತಿಂಗಳ ಹಿಂದೆ ಸೇರಿದ ಹೆಂಗಸು. ಸೇತುವೆಯ ಆಚೆ, ತಗಡಿನ ಸೂರಿನ ಸಾಲುಮನೆಗಳಿಂದ ಬರುತ್ತಿದ್ದಳು. ಸೇತುವೆಯ ಈಚೆಯವರ ಬಾಯಲ್ಲಿ ಅವಳು 'ಆಚೆಯವಳು', ಅಷ್ಟೆ. ಈಚೆಯವರ ಬಾಯಲ್ಲಿ ಇನ್ನೊಂದು ಮಾತೂ ಇತ್ತು. ಕೆಲಸ ಒರಟಾಯಿತೋ, ಗಂಟು ಸಡಿಲಾಯಿತೋ, ಅದು 'ಆಚೆ ಕೈ ಕೆಲಸ'. ಮಗಳು ಶೂ ಲೇಸು ಹೇಗೆ ಹೇಗೋ ಕಟ್ಟಿಕೊಂಡರೆ ತಾಯಿಯೇ ಎಷ್ಟೋ ಸಲ ಹಾಗೆಂದಿದ್ದಳು. ಈ ಹೆಂಗಸು ಸೇರಿದ ಮೇಲೆ ಅಂಗಡಿಯಲ್ಲಿ ಆ ಮಾತು ನಿಂತಿತು. ಅದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಎಲ್ಲರಿಗೂ ಒಂದು ಕೆಮ್ಮು ಬರುತ್ತಿತ್ತು.

ಈಗ ಅಕ್ಕ ಕೆಮ್ಮಿದಳು.

"ಕಂಕುಳ ಹೊಲಿಗೆ ನಿಂಗೇ ಕೊಟ್ಟಿದ್ದು," ಎಂದಳು.

"ಹೌದು ಅಕ್ಕ. ಆದ್ರೆ ಎಲ್ಲಾನೂ ನಾನೇ ಹೊಲಿದಿಲ್ಲ. ಒಂದ್ಸಲ ದಾರ ನೋಡಿ."

ಈ ದಾರದ ವಿಷಯ ಆ ಅಂಗಡಿಯದೇ ಒಂದು ಪದ್ಧತಿ. ಅಲ್ಲಿ ಹೊಲಿಯುವ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣ. ಉಡುಪು ಮುಗಿದಾಗ ಒಳಗಿನ ಅಸ್ತರಿನ ಅಡಿ, ಯಾರ ಕಣ್ಣಿಗೂ ಬೀಳದ ಹಾಗೆ, ತನ್ನ ಬಣ್ಣದ ಮೂರು ಎಳೆ ಹಾಕಿ ಮುಚ್ಚಬೇಕು. ಅಕ್ಕನದು ಕೆಂಪು, ತಾತನದು ನೀಲಿ, ತಾಯಿಯದು ಹಸಿರು, ಆಚೆಯವಳದು ಹಳದಿ. ಹಿಂದೊಮ್ಮೆ ನಾನಲ್ಲ ನೀನು ಎಂಬ ಜಗಳ ಮೂರು ದಿನ ನಡೆದು ಇಬ್ಬರು ಹೊಲಿಗೆಯವರು ಕೆಲಸ ಬಿಟ್ಟಾಗ ಅಕ್ಕನೇ ಇದನ್ನು ತಂದಿದ್ದಳು. ಬಾಯಿ ಸುಳ್ಳು ಹೇಳಬಹುದು, ದಾರ ಹೇಳುವುದಿಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದಳು.

ಇವತ್ತು ಅದೇ ಅಕ್ಕ, "ನೋಡೋಕೇನಿದೆ ಇದ್ರಲ್ಲಿ," ಎಂದಳು. "ಕೈ ನೋಡಿದ್ರೆ ಗೊತ್ತಾಗಲ್ವಾ? ಮೆಷಿನ್ ಬಿಟ್ಟೇಳು. ಇವತ್ತೊಂದಿನ ಇಸ್ತ್ರಿ ಹಿಡಿ. ನಾಳೆಯಿಂದ ಬರ್ಬೇಡ."

ಆಚೆಯವಳು ಎದ್ದಳು. ಅವಳ ಮನೆಯಲ್ಲಿ ಎದ್ದು ಓಡಾಡಲಾಗದ ಅತ್ತೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು ಇದ್ದರು. ಈಚೆ ದಡದಲ್ಲಿ ಅವಳನ್ನು ಮೆಷಿನ್ನಿಗೆ ಕೂರಿಸಿದ್ದು ಈ ಅಂಗಡಿ ಒಂದೇ. ಅಂಗಡಿಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಅವಳು ಇಸ್ತ್ರಿ ಹಲಗೆಯ ಬಳಿ ಹೋಗಿ ಸ್ವಿಚ್ ಒತ್ತಿದಳು. ಕಾಯುವವರೆಗೆ ಅದರ ಹಿಡಿಯನ್ನೇ ನೋಡುತ್ತ ನಿಂತಳು.

ತಾಯಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಮರುಕ್ಷಣ, ಇಷ್ಟು ದೊಡ್ಡ ಕೆಲಸ ಹೀಗೆ ಕೆಡಿಸಿದರೆ ಅಕ್ಕನಾದರೂ ಏನು ಮಾಡಿಯಾಳು ಎಂದೂ ಅನ್ನಿಸಿತು. ಆಚೆ ಕೈ, ಎಂದು ಮನಸ್ಸು ತಾನಾಗಿಯೇ ಅಂದುಬಿಟ್ಟಿತು. ಅವಳು ಕತ್ತರಿ ಎತ್ತಿಕೊಂಡಳು.

ಗುಬ್ಬಿ ತನ್ನ ಎಂದಿನ ಜಾಗಕ್ಕೆ, ಕತ್ತರಿಸುವ ಮೇಜಿನ ಕೊನೆಯ ಸ್ಟೂಲಿಗೆ, ಹತ್ತಿ ಕೂತಿದ್ದಳು. ನೋಟುಪುಸ್ತಕ ತೆರೆದಿತ್ತು, ಪೆನ್ಸಿಲ್ಲು ಓಡುತ್ತಿರಲಿಲ್ಲ.

ಹೊತ್ತು ಹತ್ತೂವರೆ. ಕೆಲಸ ಹಂಚಿಕೆಯಾಯಿತು. ಗುಂಡಿ ತಾತ ಉಳಿದ ಮೂವತ್ನಾಲ್ಕು ಕೋಟುಗಳ ತೋಳನ್ನು ಒಂದೊಂದಾಗಿ ಎಳೆದು ನೋಡಬೇಕು. ತಾಯಿ ಹರಿದವುಗಳ ಅಸ್ತರು ಬಿಚ್ಚಿ, ಹಳೆಯ ಹೊಲಿಗೆ ಕಿತ್ತು, ತೋಳನ್ನು ಸರಿಯಾಗಿ ಕೂರಿಸಿ ಕೈಯಿಂದ ಕಚ್ಚಾ ಹೊಲಿಗೆ ಹಾಕಿ ಕೊಡಬೇಕು. ಅಕ್ಕ ಮೆಷಿನ್ನಿನಲ್ಲಿ ಹೊಲಿಯುವುದು. ತಾತ ಒಂದೊಂದು ತೋಳನ್ನೂ ಹಿಡಿದು ಜಗ್ಗುತ್ತ, ಪೈಲ್ವಾನನಿಗೆ ಕೈ ಕೊಟ್ಟ ಹಾಗಿದೆ, ಇದು ಬಿಡುವುದಿಲ್ಲ ಎಂದು ಕೂಗುತ್ತಿದ್ದರು. ಮೂವತ್ನಾಲ್ಕೂ ಗಟ್ಟಿಯಾಗಿದ್ದವು.

ತಾಯಿ ಮೊದಲ ಕೋಟಿನ ಕಂಕುಳ ಬಿಡಿಸಿದಳು. ಹೊಲಿಗೆ ನೋಡಿ ಹುಬ್ಬೇರಿಸಿದಳು. ಒಂದೊಂದು ಹೊಲಿಗೆಯೂ ಬೆರಳಿನ ಉಗುರಿನಷ್ಟು ಉದ್ದ. ಇದು ಬಟ್ಟೆ ಸುಕ್ಕಾಗಿ ಎಳೆದುಕೊಳ್ಳಲು ಹಾಕುವ ಹೊಲಿಗೆ, ತೋಳು ಹಿಡಿದು ನಿಲ್ಲಿಸುವುದಲ್ಲ. ಯಾರೋ ಸುಕ್ಕು ಎಳೆದ ಮೇಲೆ ಮೆಷಿನ್ನಿನ ತಿರುಪನ್ನು ಮತ್ತೆ ಸಣ್ಣ ಹೊಲಿಗೆಗೆ ತಿರುಗಿಸುವುದನ್ನು ಮರೆತಿದ್ದಾರೆ. ಮರೆತು ಅದರಲ್ಲೇ ಆರೂ ಕೋಟು ಹೊಲಿದಿದ್ದಾರೆ.

ಅವಳು ಅಸ್ತರಿನ ಅಂಚು ಎತ್ತಿದಳು. ಅಡಿಯಲ್ಲಿ ಮೂರು ಎಳೆ ದಾರವಿತ್ತು.

ಹಸಿರು.

ಅವಳ ಹೆಬ್ಬೆರಳು ತಾನಾಗಿಯೇ ಹೋಗಿ ಅದರ ಮೇಲೆ ಕೂತಿತು.

ಮೊನ್ನೆ ಸಂಜೆ. ಎಲ್ಲರೂ ಹೋದ ಮೇಲೆ ಇನ್ನು ಆರು ಉಳಿದಿವೆ, ನಾನೇ ಮುಗಿಸುತ್ತೇನೆ ಎಂದು ಕೂತವಳು ತಾನೇ. ಬಾಗಿಲ ಬಳಿಯ ಮೆಷಿನ್ನಿನಲ್ಲೇ ಕೂತದ್ದು. ತಿರುಪು ತಿರುಗಿಸಿದೆನೇ? ಎಷ್ಟು ತಿಣುಕಿದರೂ ಬೆರಳಿಗೆ ಆ ನೆನಪು ಬರಲಿಲ್ಲ. ಅವಳು ಎರಡನೆಯ ಕೋಟಿನ ಅಸ್ತರು ಎತ್ತಿದಳು. ಹಸಿರು. ಮೂರನೆಯದು, ಹಸಿರು. ಯಾರೂ ನೋಡಿಲ್ಲ. ಮೂರೆಳೆ ದಾರ ಕಿತ್ತೆಸೆದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಹೇಗೂ ಅಕ್ಕ ಹೇಳಿಯಾಗಿದೆ, ಆಗುವುದು ಆಗಿಹೋಗಿದೆ.

ಕತ್ತೆತ್ತಿದಳು. ಮೇಜಿನ ಕೊನೆಯಿಂದ ಗುಬ್ಬಿ ಅವಳನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಹೆಬ್ಬೆರಳನ್ನು.

ಮಕ್ಕಳನ್ನು ಸಾಕುವುದೆಂದರೆ ದಿನವಿಡೀ ಎರಡು ಕಣ್ಣು ಮೈಮೇಲಿರುವುದು. ಸುಸ್ತಾದ ಎಷ್ಟೋ ದಿನ ಆ ಕಣ್ಣು ಒಂದರೆಗಳಿಗೆ ಬೇರೆ ಕಡೆ ತಿರುಗಲಿ ಎಂದು ತಾಯಿ ಬಯಸಿದ್ದುಂಟು. ಇವತ್ತು ಆ ಕಣ್ಣುಗಳ ಮುಂದೆ ಹೆಬ್ಬೆರಳು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಅಕ್ಕ," ಎಂದಳು. "ದಾರ ಹಸಿರಿದೆ. ಆರೂ ನಂದೇ. ಮೊನ್ನೆ ಸಂಜೆ ನಾನು ಹೊಲಿದಿದ್ದು."

ಮೆಷಿನ್ನಿಗೆ ದಾರ ಪೋಣಿಸುತ್ತಿದ್ದ ಅಕ್ಕ ತಿರುಗಿದಳು. ಅಕ್ಕ ಎದ್ದು ಬಂದು ಅಸ್ತರಿನಡಿ ಬಗ್ಗಿ ನೋಡಿದಳು. ತಾತ ಕನ್ನಡಕ ಏರಿಸಿ ನೋಡಿದರು. ಇಸ್ತ್ರಿ ಹಲಗೆಯ ಬಳಿ ಆಚೆಯವಳು ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು.

ಇನ್ನು ಏನು ಬರುತ್ತದೋ ಎಂದು ತಾಯಿ ಹಲ್ಲು ಕಚ್ಚಿಕೊಂಡಳು. ಬಂದದ್ದು ನಗು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀನಾ, ಎಂದು ಬೆನ್ನಿಗೊಂದು ಗುದ್ದಿದಳು. ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ, ಮನೆ ಬೇರೆ, ಮಗು ಬೇರೆ, ತಿರುಪು ಮರೆಯದೆ ಇನ್ನೇನಾದೀತು ಎಂದಳು. ಚಿಕ್ಕವಳಿದ್ದಾಗ ಇವಳು ಒಂದೇ ಕಾಲಿಗೆ ಎರಡು ಕಾಲುಚೀಲ ಹಾಕಿಕೊಂಡು ಇನ್ನೊಂದೆಲ್ಲಿ ಎಂದು ಮನೆಯೆಲ್ಲ ಹುಡುಕಿದ ಕತೆ ಹೇಳಿ ತಾತನನ್ನು ನಗಿಸಿದಳು. ಕೆಳಗಿನ ಅಂಗಡಿಗೆ ಕೂಗಿ ತಂಗಿಗೆ ಟೀ ತರಿಸಿದಳು, ಕಾಲ ಕೆಳಗೆ ಒಂದು ಪೀಠ ತಳ್ಳಿದಳು. ತಾಯಿಗೆ ಎಷ್ಟು ಹಗುರಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಹೆತ್ತವಳಿಲ್ಲದ ಮನೆಯಲ್ಲಿ ಅವಳನ್ನು ಸಾಕಿದವಳು ಈ ಅಕ್ಕ. ಅಕ್ಕನ ಮಾತಿಗೆ ಎದುರಾಡಿದ್ದು ಅವಳಿಗೆ ನೆನಪೇ ಇಲ್ಲ.

ಟೀ ಬಿಸಿಯಿತ್ತು, ಸಿಹಿಯಿತ್ತು. ಎರಡು ಗುಟುಕು ಕುಡಿದ ಮೇಲೆ ಮೂರನೆಯದು ಯಾಕೋ ಇಳಿಯಲಿಲ್ಲ.

"ಬಾ, ಮೆಷಿನ್‌ಗೆ ಕೂರು," ಎಂದು ಅಕ್ಕ ಇಸ್ತ್ರಿಯ ಕಡೆ ತಿರುಗದೆಯೇ ಕರೆದಳು. "ಕೈ ಸಾಲ್ತಿಲ್ಲ."

ಅಷ್ಟೆ. ಆಚೆಯವಳು ಇಸ್ತ್ರಿ ಆರಿಸಿ ಬಂದು ಕೂತಳು. ತಿರುಪನ್ನು ಸಣ್ಣ ಹೊಲಿಗೆಗೆ ತಿರುಗಿಸಿದಳು.

ಆಮೇಲೆ ನಡೆದದ್ದನ್ನು ನಡೆಯಿತು ಎನ್ನುವುದಕ್ಕಿಂತ ಹಾರಿತು ಎನ್ನಬೇಕು. ತಾಯಿ ಕಿತ್ತು, ಕೂರಿಸಿ, ಕಚ್ಚಾ ಹಾಕಿ ಕೊಡುತ್ತಾಳೆ. ಕೊಟ್ಟ ಕೋಟು ಮೇಜಿನಿಂದ ಮೆಷಿನ್ನಿಗೆ ಹೋಗುವಷ್ಟರಲ್ಲಿ ಹಿಂದಿನದು ಮುಗಿದಿರುತ್ತದೆ. ಆಚೆಯವಳ ಕೈ ಕಣ್ಣಿಗೆ ಸಿಗುತ್ತಿರಲಿಲ್ಲ. ಕಂಕುಳ ತಿರುವಿನಲ್ಲಿ ಬಟ್ಟೆಯನ್ನು ಅವಳು ಎಳೆಯುವುದಿಲ್ಲ, ನೀರಿಗೆ ದೋಣಿ ಬಿಟ್ಟ ಹಾಗೆ ಬಿಡುತ್ತಾಳೆ, ಅದು ತಾನೇ ತಿರುಗುತ್ತದೆ. ಅಕ್ಕ ಎರಡು ತೋಳು ಕೂಡಿಸುವಷ್ಟರಲ್ಲಿ ಅವಳು ಎಂಟು ಕೂಡಿಸಿದ್ದಳು. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ಈ ಕೈಯನ್ನು ತಾನು ಒಂದು ಸಲವೂ ಸರಿಯಾಗಿ ನೋಡಿಲ್ಲವಲ್ಲ ಎಂದು ತಾಯಿಗೆ ಈಗ ಹೊಳೆಯಿತು. ಬಾಗಿಲ ಬಳಿಯ ಆ ಮೆಷಿನ್ನಿಗೆ ಕಿಟಕಿಯ ಬೆಳಕು ಬೀಳುವುದಿಲ್ಲ ಎಂಬುದೂ ಈಗಲೇ ಕಂಡಿತು.

ಒಂದೂವರೆಗೆ ಬ್ಯಾಂಡಿನ ಹುಡುಗರು ಕಬ್ಬಿಣದ ಮೆಟ್ಟಿಲನ್ನು ಧಡಧಡ ತುಳಿಯುತ್ತ ಬಂದರು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮಾಸ್ತರು ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿ ಗರಗರ ತಿರುಗಿಸಿದರು. ತೋಳು ಮಿಸುಕಲಿಲ್ಲ. ಎಲ್ಲಿ ನೋಡೋಣ ಎಂದು ಕಹಳೆಯ ಹುಡುಗ ಕೋಟು ತೊಟ್ಟು ಅಲ್ಲೇ ಒಂದು ಸಲ ಊದಿದ. ಸೂರಿನ ಧೂಳು ತಾತನ ತಲೆಯ ಮೇಲೆ ಉದುರಿತು. ಅವರು ಎರಡೂ ಕಿವಿ ಮುಚ್ಚಿಕೊಂಡು, ಕೋಟೇನೋ ಉಳಿಯಿತು, ಕಟ್ಟಡದ ಹೊಲಿಗೆ ಬಿಚ್ಚಿಕೊಳ್ಳುತ್ತೆ ಕಣಯ್ಯ ಎಂದರು. ಅಂಗಡಿ ಪೂರ್ತಿ ನಕ್ಕಿತು. ಗುಬ್ಬಿ ಸ್ಟೂಲಿನ ಮೇಲೆ ನಿಂತು ಚಪ್ಪಾಳೆ ತಟ್ಟಿದಳು. ನಲವತ್ತು ಕೆಂಪು ಕೋಟುಗಳು ಸಾಲಾಗಿ ಮೆಟ್ಟಿಲಿಳಿದು ಬೀದಿಗೆ ಬಿದ್ದವು, ಡೋಲಿನ ಮೊದಲ ಪೆಟ್ಟಿಗೆ ಆಚೀಚೆಯ ಅಂಗಡಿಗಳೆಲ್ಲ ಬಾಗಿಲಿಗೆ ಬಂದವು. ಕಿಟಕಿಯಲ್ಲಿ ನಾಲ್ಕು ತಲೆಗಳು ಒಂದರ ಮೇಲೊಂದು. ತಿರುವಿನಲ್ಲಿ ಕೊನೆಯ ಕೋಟು ಮರೆಯಾಗುವವರೆಗೆ ಅಕ್ಕ ಉಸಿರು ಹಿಡಿದುಕೊಂಡಿದ್ದಳು. ಆಮೇಲೆ ತಂಗಿಯನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಐದನೆಯ ತಲೆ ಕಿಟಕಿಯಲ್ಲಿರಲಿಲ್ಲ. ತಾಯಿ ತಿರುಗಿ ನೋಡಿದಳು. ಆಚೆಯವಳು ಮೆಷಿನ್ನಿನ ಮೇಲಿನ ದಾರದ ಚೂರುಗಳನ್ನು ಬಳಿದು ತೆಗೆಯುತ್ತಿದ್ದಳು. ಮೆಷಿನ್ನಿಗೆ ಬಟ್ಟೆ ಹೊದಿಸಿದಳು. ತನ್ನ ಸ್ವಂತ ಕತ್ತರಿಯನ್ನು, ಬೆರಳಿಗೆ ಹಾಕುವ ಟೋಪಿಯನ್ನು, ಹಳದಿ ದಾರದ ಉಂಡೆಯನ್ನು ಒಂದು ಚೌಕದ ಬಟ್ಟೆಯಲ್ಲಿ ಇಟ್ಟು ಗಂಟು ಹಾಕಿದಳು. ದಿನವೂ ಇವನ್ನೆಲ್ಲ ಮೆಷಿನ್ನಿನ ಡ್ರಾಯರಿನಲ್ಲೇ ಬಿಟ್ಟು ಹೋಗುತ್ತಿದ್ದಳು.

"ಬರ್ತೀನಿ ಅಕ್ಕ," ಎಂದಳು.

"ಹ್ಞೂಂ, ಹ್ಞೂಂ," ಎಂದಳು ಅಕ್ಕ, ಇನ್ನೂ ಬೀದಿಯ ಕಡೆ ನೋಡುತ್ತ. ಅವಳ ಮುಖದಲ್ಲಿ ಗೆಲುವು ತುಂಬಿತ್ತು. ನಾಳೆ ಬಾ ಎನ್ನಲಿಲ್ಲ. ಬೆಳಗ್ಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದೇ ಅವಳಿಗೆ ಹೊಳೆದಿರಲಿಲ್ಲ, ಅಥವಾ ಹೊಳೆದೂ ನಾಲಿಗೆ ಹೊರಳಿರಲಿಲ್ಲ. ತಾಯಿಗೆ ಯಾವುದೆಂದು ತಿಳಿಯಲಿಲ್ಲ. ತಾನಾದರೂ ಹೇಳಬೇಕು ಎಂದುಕೊಂಡಳು. ಅಕ್ಕನ ಸಂತೋಷ ಕೆಡಿಸುವುದು ಬೇಡ, ಸಂಜೆ ನಿಧಾನವಾಗಿ ಹೇಳಿದರಾಯಿತು ಎಂದೂ ಅಂದುಕೊಂಡಳು. ಸಂಜೆಯ ಹೊತ್ತಿಗೆ ಆಚೆಯವಳು ಸೇತುವೆ ದಾಟಿರುತ್ತಾಳೆ. ಅಲ್ಲಿಗೆ ಹೋಗಿ ಬಾಗಿಲು ತಟ್ಟಿ ಕರೆಯುವವರು ಈ ಅಂಗಡಿಯಲ್ಲಿ ಯಾರೂ ಇಲ್ಲ; ಅವಳ ಮನೆ ಯಾವುದೆಂದು ಕೂಡ ಯಾರಿಗೂ ಗೊತ್ತಿಲ್ಲ.

ಕಿಟಕಿಯಿಂದ ತಿರುಗಿದ ಅಕ್ಕನ ಕಣ್ಣಿಗೆ, ಮತ್ತೆ ಸ್ಟೂಲು ಹತ್ತಿ ಕೂತಿದ್ದ ಗುಬ್ಬಿ ಬಿದ್ದಳು.

"ಏನೇ ರೇಡಿಯೊ, ನಿನ್ನ ಪದಕ್ಕೆ ಹೊಸ ವಾಕ್ಯ ಏನಾದ್ರೂ ಸಿಕ್ತಾ? ಆ ಸಗಟು ವ್ಯಾಪಾರಿದು ದಪ್ಪಕ್ಷರದಲ್ಲಿ ಬರ್ದಿದೀಯ ತಾನೇ?"

ಗುಬ್ಬಿ ಸ್ಟೂಲಿನಿಂದ ಇಳಿದಳು. ತಾಯಿಯ ಕೈ ಜಗ್ಗಿದಳು. ತಾಯಿ ರೂಢಿಯಂತೆ ಬಗ್ಗಿ ಕಿವಿ ಕೊಟ್ಟಳು. ಬಿಸಿ ಉಸಿರಿನ ಜೊತೆ ಪಿಸುಮಾತು ಕಿವಿಯೊಳಗೆ ಇಳಿಯಿತು, ಒಂದೇ ಉಸಿರಿಗೆ, ತಡವರಿಸದೆ. ತಾಯಿಯ ಕಿವಿ ಕೆಂಪಾಯಿತು. ಅವಳು ನೆಟ್ಟಗೆ ನಿಂತು ಬಾಯಿ ತೆರೆದಳು. ಇಷ್ಟು ವರ್ಷ ಮಗಳ ಎಷ್ಟು ಮಾತುಗಳನ್ನು ದಾಟಿಸಿಲ್ಲ? ಇದು ದಾಟಲಿಲ್ಲ. ಟೀ ಕುಡಿದವಳು ತಾನು. ಈ ಮಾತು ತನ್ನ ಬಾಯಿಂದ ಬಂದರೆ ಅದರ ಅರ್ಧ ಬೆಲೆ ಅಲ್ಲೇ ಹೋಗುತ್ತದೆ.

ಆಚೆಯವಳು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು.

ತಾಯಿ ಮೊಣಕಾಲೂರಿ ಮಗಳ ಎತ್ತರಕ್ಕೆ ಕೂತಳು. ಹಣೆಯ ಮೇಲಿನ ಕೂದಲು ಸರಿಸಿದಳು. "ಇದನ್ನ ನಾನು ಹೇಳಕ್ಕಾಗಲ್ಲ ಕಂದಾ," ಎಂದಳು ಮೆಲ್ಲಗೆ. "ನೀನೇ ಕೇಳು. ನಾನಿಲ್ಲೇ ಇರ್ತೀನಿ."

ಗುಬ್ಬಿ ತಾಯಿಯ ಮುಖ ನೋಡಿದಳು, ಬಾಗಿಲು ನೋಡಿದಳು. ನೋಟುಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ತಾಯಿಯ ಅಂಗೈಯಲ್ಲಿದ್ದ ಪುಟ್ಟ ಕೈ ತಾನಾಗಿಯೇ ಬಿಡಿಸಿಕೊಂಡಿತು. ಅವಳು ಎರಡು ಹೆಜ್ಜೆ ಮುಂದೆ ಹೋಗಿ ದೊಡ್ಡಮ್ಮನ ಎದುರು ನಿಂತಳು. ಮೊದಲು ಬಂದದ್ದು ಬರೀ ಗಾಳಿ. ಎರಡನೆಯ ಸಲ ದನಿ ಬಂತು, ತೆಳ್ಳಗೆ, ಆದರೆ ಬಾಗಿಲವರೆಗೂ ಕೇಳುವಷ್ಟು ಸ್ಪಷ್ಟವಾಗಿ.

"ದೊಡ್ಡಮ್ಮ, ತಪ್ಪು ಅವರದ್ದು ಅಂದ್ಕೊಂಡಾಗ ನಾಳೆಯಿಂದ ಬರ್ಬೇಡ ಅಂದ್ರಿ. ಅಮ್ಮಂದು ಅಂತ ಗೊತ್ತಾದಾಗ ನಕ್ಕು ಟೀ ತರಿಸಿದ್ರಿ. ತಪ್ಪು ಒಂದೇ ಅಲ್ವಾ, ಮತ್ತೆ ಹೀಗ್ಯಾಕೆ ಮಾಡಿದ್ರಿ?"